ಸ್ವಂತ ಹಾಡು ಕಟ್ಟಿ ಹಾಡುವವರು ಯಾವ ಬಲದ ಮೇಲೆ ನಿಂತಿದ್ದಾರೆ?

ಹಾಡುಗಬ್ಬ, ಶಿವಮೊಗ್ಗ

ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಸಂಜೆ ಹೊತ್ತು ಹಾಡು ಕಟ್ಟುತ್ತೇನೆ. ಸಾಹಿತ್ಯ ನನ್ನದು, ರಾಗ ನನ್ನದು, ಗಿಟಾರ್ ನುಡಿಸಿ ಹಾಡುವವಳೂ ನಾನೇ. ಕಳೆದ ತಿಂಗಳು ಗೆಳತಿಯ ಗೃಹಪ್ರವೇಶದಲ್ಲಿ ಒಂದು ಹಾಡು ಹಾಡಿದೆ. ರಾತ್ರಿ ಪಾಳಿ ಮುಗಿಸಿ ಆಗುಂಬೆ ಘಾಟಿಯ ಬಸ್ಸಿನಲ್ಲಿ ಮನೆಗೆ ಹೋಗುವ ನರ್ಸ್ ಒಬ್ಬಳ ಮೇಲೆ ಬರೆದದ್ದು. ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಇದು ಯಾರ ಕವಿತೆ ತಾಯಿ? ಸಂಗೀತ ಸಂಯೋಜನೆ ಯಾರದು?" ಎಂದು ಬಹಳ ಪ್ರೀತಿಯಿಂದ ಕೇಳಿದರು. ಎರಡೂ ನನ್ನದೇ ಎಂದೆ. ಅವರು ತಲೆದೂಗಿದರು, ಆದರೆ ಮುಂದೆ ಏನು ಮಾತನಾಡಬೇಕೆಂದು ಅವರಿಗೆ ತೋಚಲಿಲ್ಲ. ಕೊನೆಗೆ, "ಒಂದು ಭಾವಗೀತೆ ಹಾಡಿ, ಎಲ್ಲರಿಗೂ ಗೊತ್ತಿರುವಂಥದ್ದು" ಎಂದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಪ್ರಶ್ನೆಯನ್ನು ಮನಸ್ಸಿನಿಂದ ತೆಗೆದುಹಾಕಲೂ ಆಗುತ್ತಿಲ್ಲ. ನಮ್ಮಲ್ಲಿ ಕವಿ ಇದ್ದಾನೆ, ಸಂಯೋಜಕ ಇದ್ದಾನೆ, ಗಾಯಕ ಇದ್ದಾನೆ. ಮೂವರೂ ಒಬ್ಬರೇ ಆದಾಗ ಆ ಒಬ್ಬರನ್ನು ಕೂರಿಸಲು ಜಾಗವಿಲ್ಲ. ಸಿನಿಮಾದ ಆಸರೆ ಇಲ್ಲದೆ, ಕಂಪನಿಯ ಆಸರೆ ಇಲ್ಲದೆ ವರ್ಷಾನುಗಟ್ಟಲೆ ಇದನ್ನೇ ಮಾಡುತ್ತಿರುವವರು ಯಾಕೆ ಮಾಡುತ್ತಾರೆ? ದಯವಿಟ್ಟು "ಸಂಗೀತದ ಮೇಲಿನ ಪ್ರೀತಿ" ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಅವರು ಹೇಗೆ ಬದುಕುತ್ತಾರೆ, ಯಾವುದು ಅವರನ್ನು ಹಿಡಿದಿಡುತ್ತದೆ, ಯಾವುದು ಕೈಬಿಡುವಂತೆ ಮಾಡುತ್ತದೆ ಎನ್ನುವುದು ನನಗೆ ಬೇಕು. ಕೆಲಸದಿಂದ ಒಂದು ವರ್ಷ ರಜೆ ಪಡೆದು ಆಲ್ಬಂ ಮಾಡುವ ಯೋಚನೆಯಲ್ಲಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಶಾಲ್ಮಲೆ, ಧಾರವಾಡ

ಹಾಡುಗಬ್ಬ ಅವರೇ, ನಾನು ನಿವೃತ್ತ ಕನ್ನಡ ಮೇಷ್ಟ್ರು. ಆ ಹಿರಿಯರ ಗೊಂದಲಕ್ಕೆ ನಮ್ಮ ಇತಿಹಾಸದಲ್ಲೇ ಕಾರಣವಿದೆ, ಮತ್ತು ಅದು ತೀರಾ ಹಳೆಯ ಕಾರಣವಲ್ಲ.

ಪುರಂದರದಾಸರಿಗೂ ಕನಕದಾಸರಿಗೂ ಬೇರೊಬ್ಬ ಕವಿ ಇರಲಿಲ್ಲ. ಪದ ಕಟ್ಟಿದವರೇ ಹಾಡಿದರು, ಕೊನೆಯಲ್ಲಿ ತಮ್ಮ ಅಂಕಿತವಿಟ್ಟರು. ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರನ್ನು ನೋಡಿ. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದ ಮನುಷ್ಯ. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಹೀಗೆ ಎದುರಿಗೆ ಕಂಡದ್ದನ್ನೆಲ್ಲ ತತ್ವಪದ ಮಾಡಿದರು. ಅವರ ಹಾಡು ಯಾವ ದೊರೆಯ ಆಸ್ಥಾನದಲ್ಲೂ ಬೆಳೆಯಲಿಲ್ಲ. ಭಜನೆಯವರ ಬಾಯಿಯಿಂದ ಬಾಯಿಗೆ ಹೋಗಿ ಉಳಿಯಿತು. ನಮ್ಮ ಕಡೆಯ ಲಾವಣಿಕಾರರೂ ಕೊನೆಯ ನುಡಿಯಲ್ಲಿ ತಮ್ಮ ಹೆಸರನ್ನೋ ಊರನ್ನೋ ಸೇರಿಸುತ್ತಿದ್ದರು. ಈ ಹಾಡು ನಾನು ಕಟ್ಟಿದ್ದು, ಇದರ ಮಾತಿಗೆ ನಾನೇ ಹೊಣೆ ಎಂದು ಹೇಳುವ ಕ್ರಮ ಅದು. ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಕಟ್ಟಿದ ಪದಗಳಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಅವರ ಹೆಸರುಗಳು ಹಿಟ್ಟಿನ ಜೊತೆಗೇ ಹೋದವು. ಹೆಣ್ಣುಮಗಳೊಬ್ಬಳು "ಇದು ನನ್ನದು" ಎಂದಾಗ ಇಂದಿಗೂ ಜನ ಒಂದು ಕ್ಷಣ ತಡೆಯುತ್ತಾರಲ್ಲ, ಅದಕ್ಕೆ ಇದೂ ಒಂದು ಬೇರು ಎಂದು ನನಗೆ ಅನ್ನಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಕವಿತೆ ಪುಸ್ತಕಕ್ಕೆ ಹೋಯಿತು, ಹಾಡು ವೇದಿಕೆಗೆ ಬಂತು. ಬೇಂದ್ರೆಯವರು ತಮ್ಮ ಕವಿತೆಗಳನ್ನು ತಾವೇ ಲಯವಾಗಿ ಹಾಡಿ ಹೇಳುತ್ತಿದ್ದರು, ಆದರೆ ಅವು ಮನೆಮನೆ ಮುಟ್ಟಿದ್ದು ಬೇರೆಯವರ ಕಂಠದಿಂದ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರೆಲ್ಲ ಕವಿತೆಗೆ ಕೊರಳು ಕೊಟ್ಟ ಮಹನೀಯರು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ಭಾವಗೀತೆ ಒಂದು ದೊಡ್ಡ ಲೋಕವೇ ಆಯಿತು. ಆ ಲೋಕ ನನ್ನನ್ನು ಬೆಳೆಸಿದೆ, ಅದರ ಬಗ್ಗೆ ಹಗುರವಾಗಿ ಮಾತನಾಡುವವನಲ್ಲ ನಾನು. ಆದರೆ ಒಳ್ಳೆಯ ಹಾಡೆಂದರೆ ಪ್ರಸಿದ್ಧ ಕವಿಯ ಕವಿತೆ ಎಂಬ ನಂಬಿಕೆಯೂ ಅದರೊಂದಿಗೇ ಗಟ್ಟಿಯಾಯಿತು. ನೀವು ಮಾಡುತ್ತಿರುವುದು ಹೊರಗಿನಿಂದ ತಂದ ಹೊಸತಲ್ಲ, ಅಂಕಿತವಿಟ್ಟು ಹಾಡುವ ಹಳೆಯ ಕೆಲಸ. ಯಾರಾದರೂ ಮತ್ತೆ ಕೇಳಿದರೆ ಧೈರ್ಯವಾಗಿ ಹಾಗೆಯೇ ಹೇಳಿ.

ಧ್ವನಿಪೆಟ್ಟಿಗೆ, ಬೆಂಗಳೂರು

ನಾನು ಕಾರ್ಯಕ್ರಮಗಳಿಗೆ ಸೌಂಡ್ ಮಾಡುವವನು. ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಮಿಕ್ಸರ್ ಮುಂದೆ ನಿಂತು ಕಂಡದ್ದನ್ನು ಹೇಳುತ್ತೇನೆ.

ಸ್ವಂತ ಹಾಡು ಹಾಡುವವರು ಸಂಜೆ ನಾಲ್ಕಕ್ಕೇ ಬರುತ್ತಾರೆ, ಸೌಂಡ್ ಚೆಕ್‌ಗೆ. ತಮ್ಮ ಗಿಟಾರನ್ನು ತಾವೇ ಹೊತ್ತು, ತಮ್ಮ ಕೇಬಲ್ಲುಗಳನ್ನು ತಾವೇ ಸುತ್ತಿಕೊಂಡು ಬರುತ್ತಾರೆ. ಹಾಡುವುದು ನಲವತ್ತು ನಿಮಿಷ. ಊಟದ ಜಾಗವಾದರೆ ಯಾರೋ ಚೀಟಿ ಕಳಿಸಿ ಹಿಂದಿ ಸಿನಿಮಾ ಹಾಡು ಕೇಳುತ್ತಾರೆ. ಕವರ್ ಹಾಡುಗಳನ್ನು, ಅಂದರೆ ಬೇರೆಯವರ ಜನಪ್ರಿಯ ಹಾಡುಗಳನ್ನು ಹಾಡುವವರಿಗೆ ಮದುವೆ, ಕಂಪನಿ ಸಮಾರಂಭಗಳಲ್ಲಿ ಒಳ್ಳೆಯ ಹಣ ಸಿಗುತ್ತದೆ. ಅದೇ ಕಲಾವಿದರು ತಮ್ಮದೇ ಹಾಡಿನ ಕಾರ್ಯಕ್ರಮ ಮಾಡಿದಾಗ ಜೊತೆಗಾರರಿಗೆ ಕೊಟ್ಟು, ಕಾರಿನ ಬಾಡಿಗೆ ಕೊಟ್ಟು, ಕೈಯಲ್ಲಿ ಏನೂ ಉಳಿಯದೆ ಹೋಗುವುದನ್ನು ನೋಡಿದ್ದೇನೆ. ನನಗೆ ಗೊತ್ತಿರುವ ಬಹುತೇಕರು ಎರಡನ್ನೂ ಮಾಡುತ್ತಾರೆ, ಜೊತೆಗೆ ಮಕ್ಕಳಿಗೆ ಪಾಠ ಹೇಳುತ್ತಾರೆ, ಜಾಹೀರಾತಿಗೆ ದನಿ ಕೊಡುತ್ತಾರೆ.

ಹಾಗಾದರೆ ಯಾಕೆ ಮುಂದುವರಿಯುತ್ತಾರೆ? ಒಂದು ಸಂಗತಿ ಮಾತ್ರ ನಾನು ಹೇಳಬಲ್ಲೆ. ಬೇರೆಯವರ ಹಾಡು ಹಾಡುವಾಗ ಮಾನಿಟರಿನಲ್ಲಿ (ಹಾಡುವವರಿಗೇ ಕೇಳಿಸಲು ಇಡುವ ಸ್ಪೀಕರಿನಲ್ಲಿ) ತಮ್ಮ ದನಿ ಹೆಚ್ಚು ಬೇಕೆನ್ನುತ್ತಾರೆ. ತಮ್ಮ ಹಾಡಿಗೆ ಬಂದಾಗ, "ಮಾತು ಜನರಿಗೆ ಕೇಳಿಸುತ್ತಿದೆಯಾ ಅಣ್ಣಾ?" ಎಂದು ಕೇಳುತ್ತಾರೆ. ಪ್ರತಿಯೊಬ್ಬರೂ ಇದನ್ನೇ ಕೇಳುತ್ತಾರೆ.

ಹ್ಯೂರಾನ್ ತೀರ, ಆನ್ ಆರ್ಬರ್

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನಾನಿರುವ ಈ ಊರಿಗೂ ಈ ಪ್ರಶ್ನೆಗೂ ಒಂದು ನಂಟಿದೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕಾನೀ ಕಾನ್ವರ್ಸ್ ಎಂಬ ಹೆಂಗಸು 1924ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಹುಟ್ಟಿದಳು. ಕಾಲೇಜನ್ನು ಅರ್ಧಕ್ಕೆ ಬಿಟ್ಟು ನ್ಯೂಯಾರ್ಕಿಗೆ ಬಂದಳು, ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಾ ಹಾಡು ಕಟ್ಟಿದಳು. ಗಿಟಾರ್ ಒಂದೇ ಪಕ್ಕವಾದ್ಯ. ಆಗ ಅಲ್ಲಿ ನಡೆಯುತ್ತಿದ್ದದ್ದು ಒಂದೋ ಹಳೆಯ ಜಾನಪದ, ಇಲ್ಲವೇ ದೊಡ್ಡ ವಾದ್ಯವೃಂದದ ಜನಪ್ರಿಯ ಹಾಡು. ಒಬ್ಬಳೇ ಕುಳಿತು ತನ್ನ ಒಂಟಿತನ, ತನ್ನ ಹಾಸ್ಯ, ತನ್ನ ಅನುಮಾನಗಳನ್ನು ತನ್ನದೇ ಮಾತಿನಲ್ಲಿ ಹಾಡುವವರನ್ನು ಏನೆಂದು ಕರೆಯಬೇಕೆಂದು ಆ ಊರಿಗೂ ಗೊತ್ತಿರಲಿಲ್ಲ. ಹಾಡುಗಬ್ಬ ಅವರೇ, ನಿಮಗೆ ಆದದ್ದೇ ಆಕೆಗೂ ಆಗಿರಬೇಕು. ಜೀನ್ ಡೈಚ್ ಎಂಬ ವ್ಯಂಗ್ಯಚಿತ್ರಗಳ ಕಲಾವಿದ 1954ರಲ್ಲಿ ತನ್ನ ಮನೆಯಲ್ಲಿ ಆಕೆಯ ಹಾಡುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ. ಅದೇ ವರ್ಷ ಒಮ್ಮೆ ದೂರದರ್ಶನದ ಬೆಳಗಿನ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡಳು. ಅಲ್ಲಿಂದ ಮುಂದೆ ಏನೂ ಆಗಲಿಲ್ಲ. ಒಂದೇ ಒಂದು ಧ್ವನಿಮುದ್ರಿಕೆಯೂ ಹೊರಬರಲಿಲ್ಲ.

1961ರಲ್ಲಿ ನ್ಯೂಯಾರ್ಕ್ ಬಿಟ್ಟು ಅಣ್ಣತಮ್ಮಂದಿರಲ್ಲಿ ಒಬ್ಬರಿದ್ದ ಇದೇ ಆನ್ ಆರ್ಬರಿಗೆ ಬಂದಳು. ಸ್ವಂತ ಹಾಡುಗಳಿಂದಲೇ ಮುಂದೆ ಜಗತ್ತಿಗೆಲ್ಲ ಹೆಸರಾದ ಬಾಬ್ ಡಿಲನ್ ನ್ಯೂಯಾರ್ಕಿಗೆ ಬಂದದ್ದೂ ಅದೇ ವರ್ಷ. ತನ್ನ ಹಾಡನ್ನು ತಾನೇ ಕಟ್ಟಿ ಹಾಡುವವರಿಗೆ ಆ ಊರು ಬಾಗಿಲು ತೆರೆಯುವ ಹೊತ್ತಿಗೆ ಆಕೆ ಅಲ್ಲಿರಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಘರ್ಷಗಳ ಪರಿಹಾರವನ್ನು ಕುರಿತ ವಿದ್ವತ್ ಪತ್ರಿಕೆಯೊಂದನ್ನು ಸಂಪಾದಿಸುತ್ತಾ ವರ್ಷಗಳನ್ನು ಕಳೆದಳು. 1974ರ ಆಗಸ್ಟಿನಲ್ಲಿ, ಐವತ್ತು ತುಂಬಿದ ಬೆನ್ನಿಗೇ, ಮನೆಯವರಿಗೂ ಗೆಳೆಯರಿಗೂ ಪತ್ರ ಬರೆದಿಟ್ಟು ತನ್ನ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಹೊರಟುಹೋದಳು. ಮತ್ತೆ ಯಾರಿಗೂ ಕಾಣಲಿಲ್ಲ. ಡೈಚ್ 2004ರಲ್ಲಿ ನ್ಯೂಯಾರ್ಕಿನ ರೇಡಿಯೊ ಒಂದರಲ್ಲಿ ಆ ಹಳೆಯ ಟೇಪನ್ನು ಕೇಳಿಸಿದ, 2009ರಲ್ಲಿ ಅದು ಆಲ್ಬಂ ಆಯಿತು. ಇವತ್ತು ಜಗತ್ತಿನ ಮೂಲೆಮೂಲೆಯಲ್ಲಿ ಆಕೆಯನ್ನು ಕೇಳುತ್ತಾರೆ.

ಆ ಧ್ವನಿಮುದ್ರಣದ ಗುಣಮಟ್ಟ ಸಾಧಾರಣ. ಆದರೆ ಒಂದು ಸಾಲೂ ಸಡಿಲವಿಲ್ಲ. ಕೇಳುವವರಿಲ್ಲದಿದ್ದರೂ ಪದ ಪದವನ್ನು ತಿದ್ದಿ ತೀಡಿದ್ದಾಳೆ. ಹಾಡು ಸರಿಯಾಗಿ ಬರಬೇಕೆಂಬ ಹಂಬಲ ಮನ್ನಣೆಗಿಂತ ಮೊದಲೇ ಇರುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಪಕ್ಕವಾದ್ಯ, ಮೈಸೂರು

ಹ್ಯೂರಾನ್ ತೀರ ಅವರೇ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ನಿಮ್ಮ ಕೊನೆಯ ಮಾತನ್ನು ನಾನು ಒಪ್ಪಲಾರೆ. ಹತ್ತು ವರ್ಷ ಒಂದು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸಿದವನು ನಾನು, ಈಗ ನುಡಿಸುತ್ತಿಲ್ಲ. ಆಕೆ ಕೇಳುವವರಿಗಾಗಿಯೇ ಹಾಡಿದ್ದು. ಅದಕ್ಕೇ ನ್ಯೂಯಾರ್ಕಿಗೆ ಹೋದದ್ದು, ಅದಕ್ಕೇ ದೂರದರ್ಶನಕ್ಕೆ ಹೋದದ್ದು. ಕೇಳುವವರು ಸಿಗದಿದ್ದುದು ಆಕೆಯ ಹಿರಿಮೆಯೇನಲ್ಲ, ಅದು ಆಕೆಗೆ ಆದ ನಷ್ಟ. ಕಲಾವಿದರ ಕಷ್ಟವನ್ನು ನಾವು ಪೂಜೆಗೆ ಇಟ್ಟಷ್ಟೂ ಅವರಿಗೆ ಕೊಡಬೇಕಾದದ್ದನ್ನು ಕೊಡದಿರಲು ಸಮಾಜಕ್ಕೆ ನೆಪ ಸಿಗುತ್ತದೆ.

ನಮ್ಮ ಬ್ಯಾಂಡಿಗೆ ಒಂದು ಕಂಪನಿ ಆಲ್ಬಂ ಮಾಡಿಕೊಡುತ್ತೇವೆ ಎಂದಿತು. ಒಪ್ಪಂದದ ಕಾಗದದಲ್ಲಿ ಎಲ್ಲ ಹಕ್ಕು, ಎಲ್ಲ ಮಾಧ್ಯಮ, ಇಡೀ ವಿಶ್ವ, ಎಂದೆಂದಿಗೂ ಎಂದಿತ್ತು. ಹಾಡು ಬರೆದವಳು ಕಾಗದವನ್ನು ಹಾಗೆಯೇ ವಾಪಸ್ ಕೊಟ್ಟಳು. ಆಲ್ಬಂ ಬರಲಿಲ್ಲ, ಬ್ಯಾಂಡ್ ಮುಂದುವರಿಯಲಿಲ್ಲ. ಆದರೆ ಆ ಹಾಡುಗಳು ಇವತ್ತಿಗೂ ಅವಳವು, ಮತ್ತು ಅವಳು ಈಗ ಅವುಗಳನ್ನು ಒಂದೊಂದಾಗಿ ತಾನೇ ಹೊರತರುತ್ತಿದ್ದಾಳೆ. ಇದು ನನಗೆ ಸಮಾಧಾನ ಕೊಡುವ ವಿಷಯ.

ಇನ್ನೊಂದು ಬದುಕನ್ನೂ ನೋಡಿ. ಅಮೆರಿಕದ ಬಫಲೊ ನಗರದ ಆನಿ ಡಿಫ್ರಾಂಕೊ 1990ರ ಸುಮಾರಿಗೆ, ಇಪ್ಪತ್ತು ವರ್ಷದ ಹುಡುಗಿ, ತನ್ನದೇ ಸಂಸ್ಥೆ ಮಾಡಿ ತನ್ನ ಕ್ಯಾಸೆಟ್ಟುಗಳನ್ನು ಕಾರ್ಯಕ್ರಮಗಳಲ್ಲಿ ತಾನೇ ಮಾರಿದಳು. ದೊಡ್ಡ ಕಂಪನಿಗಳು ಕರೆದಾಗ ಹೋಗಲಿಲ್ಲ. ಊರೂರು ತಿರುಗಿ ಹಾಡಿದಳು, ಕೇಳುವವರನ್ನು ಒಬ್ಬೊಬ್ಬರಾಗಿ ಗಳಿಸಿದಳು. ಮುಂದೆ ಬಫಲೊದಲ್ಲಿ ಕೆಡವಲಿದ್ದ ಹಳೆಯ ಚರ್ಚನ್ನು ಉಳಿಸಿ ಅದನ್ನು ಸಂಗೀತ ಸಭಾಂಗಣವನ್ನಾಗಿ ಮಾಡಿದ್ದು ಅದೇ ಸಂಸ್ಥೆ. 1997ರಲ್ಲಿ ಒಂದು ಪತ್ರಿಕೆ ಒಂದೊಂದು ಆಲ್ಬಮಿನಿಂದ ಆಕೆಗೆ ಎಷ್ಟು ಡಾಲರ್ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಹೊಗಳಿತು. ಆಕೆ ಅದಕ್ಕೆ ಬಹಿರಂಗ ಪತ್ರ ಬರೆದು ಬೇಸರ ತೋಡಿಕೊಂಡಳು. ತನ್ನ ಹಾಡುಗಳ ಬಗ್ಗೆ ಮಾತನಾಡದೆ ವ್ಯಾಪಾರದ ಬಗ್ಗೆ ಮಾತನಾಡಿದರಲ್ಲ ಎಂಬುದು ಆಕೆಯ ನೋವು. ಹಣದ ವ್ಯವಸ್ಥೆಯನ್ನು ಅಷ್ಟು ಗಟ್ಟಿಯಾಗಿ ಕಟ್ಟಿಕೊಂಡದ್ದು ಹಾಡನ್ನು ಯಾರೂ ಮುಟ್ಟದಿರಲಿ ಎಂದು. ಇದು ನನ್ನ ಮಟ್ಟಿಗೆ ಹಾಡುಗಬ್ಬ ಅವರ ಪ್ರಶ್ನೆಗೆ ಹತ್ತಿರದ ಉತ್ತರ.

ನಮ್ಮ ಮೈಸೂರಿನ ರಘು ದೀಕ್ಷಿತ್ ಮೈಕ್ರೊಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಅದನ್ನು ತಂದದ್ದು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಆರಂಭಿಸಿದ್ದ ಸಂಸ್ಥೆ, ಅಂದರೆ ಹಾಡು ಮಾಡುವವರೇ ಕೈಹಿಡಿದದ್ದು. ಎರಡು ವರ್ಷದಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡುತ್ತಿದ್ದರು. ಅವರ ಆ ಆಲ್ಬಮಿನಲ್ಲಿ ಷರೀಫರ ಪದಗಳಿದ್ದವು ಎನ್ನುವುದನ್ನು ಮೇಷ್ಟ್ರ ಗಮನಕ್ಕೆ ತರುತ್ತೇನೆ.

ಹಾಡುಗಬ್ಬ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಪಕ್ಕವಾದ್ಯ ಅವರೇ, ಕಾಗದ ವಾಪಸ್ ಕೊಟ್ಟ ಆ ಗೆಳತಿಗೆ ನನ್ನ ನಮಸ್ಕಾರ ತಿಳಿಸಿ. ನನಗೆ ಹಕ್ಕುಗಳ ವಿಷಯ ಸ್ವಲ್ಪವೂ ಗೊತ್ತಿಲ್ಲ. ಹಾಡನ್ನು ಸರ್ಕಾರದಲ್ಲಿ ನೋಂದಾಯಿಸಲೇಬೇಕೆ? ನನ್ನ ಎರಡು ಹಾಡುಗಳು ಹಳೆಯ ಕವಿತೆಗಳಿಗೆ ಹಾಕಿದ ರಾಗ, ಅವುಗಳನ್ನು ಆಲ್ಬಮಿಗೆ ಸೇರಿಸಬಹುದೆ? ತಿಳಿದವರು ಇದ್ದರೆ ಹೇಳಿ.

ಕಲಮು ಹದಿನೆಂಟು, ಬೆಂಗಳೂರು

ನಾನು ವಕೀಲೆ. ನಮ್ಮ ಕೃತಿಸ್ವಾಮ್ಯದ ಕಾನೂನು 1957ರದ್ದು, ಅದಕ್ಕೆ 2012ರಲ್ಲಿ ಮಹತ್ವದ ತಿದ್ದುಪಡಿ ಆಯಿತು. ಹಾಡು ಬರೆಯುವವರಿಗೆ ಆ ತಿದ್ದುಪಡಿ ದೊಡ್ಡ ಆಸರೆ, ಆದರೆ ಬಹಳ ಜನ ಅದನ್ನು ಓದಿಯೇ ಇಲ್ಲ.

ನೀವು ಬರೆದ ಕ್ಷಣದಿಂದ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ಮುಂದೆ ವ್ಯಾಜ್ಯ ಬಂದರೆ ಸಾಕ್ಷಿಯಾಗಿ ಒದಗುತ್ತದೆ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ ರಚನೆ, ಧ್ವನಿಮುದ್ರಣ ಎಂದು ಮೂರು ಬೇರೆ ಬೇರೆ ಸ್ವತ್ತುಗಳಿವೆ. ಮೊದಲೆರಡು ನಿಮ್ಮವು. ಮೂರನೆಯದು ಧ್ವನಿಮುದ್ರಣದ ಮುತುವರ್ಜಿಯನ್ನೂ ಹೊಣೆಯನ್ನೂ ಹೊತ್ತವರದ್ದು. ಗೆಳೆಯರು ಯಾರಾದರೂ ಸ್ಟುಡಿಯೊ ಖರ್ಚು ಕೊಟ್ಟರೆ ಆ ಹಕ್ಕು ಯಾರದೆಂದು ಅವತ್ತೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಸ್ನೇಹ ಕೆಡುವುದು ಇಲ್ಲೇ.

ಹಕ್ಕನ್ನು ಕಂಪನಿಗೆ ವಹಿಸಿಕೊಟ್ಟರೂ ಸಾಹಿತಿ ಮತ್ತು ಸಂಯೋಜಕರಿಗೆ ಬರಬೇಕಾದ ಗೌರವಧನದ (ರಾಯಲ್ಟಿಯ) ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು 2012ರ ನಂತರ ಸಾಧ್ಯವಿಲ್ಲ. ಬರೆಸಿಕೊಂಡರೂ ಆ ಮಾತು ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಒಪ್ಪಂದದಲ್ಲಿ ಅವಧಿ ಬರೆದಿಲ್ಲವಾದರೆ ಐದು ವರ್ಷ ಎಂದು ಅರ್ಥ, ಪ್ರದೇಶ ಬರೆದಿಲ್ಲವಾದರೆ ಭಾರತ ಮಾತ್ರ. ಗೌರವಧನ ಸಂಗ್ರಹಿಸಿ ಹಂಚಲು ಐಪಿಆರ್‌ಎಸ್ ಎಂಬ ಸಂಘವಿದೆ, 1969ರಲ್ಲಿ ಆರಂಭವಾದದ್ದು. ಸಾಹಿತಿಯಾಗಿಯೂ ಸಂಯೋಜಕಿಯಾಗಿಯೂ ಸದಸ್ಯರಾಗಿ.

ಇನ್ನು ಹಳೆಯ ಕವಿತೆಗಳು. ಕವಿ ತೀರಿಕೊಂಡ ನಂತರದ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಕೆ.ಎಸ್. ನರಸಿಂಹಸ್ವಾಮಿಯವರದ್ದು 2063ರವರೆಗೆ. ಷರೀಫರ ಪದಗಳಿಗೆ ಯಾರ ಅನುಮತಿಯೂ ಬೇಡ. ಆದರೆ ಎಚ್ಚರ: ಅದೇ ಪದವನ್ನು ಅಶ್ವತ್ಥ್ ಅವರ ರಾಗದಲ್ಲಿ ಹಾಡಿ ಮುದ್ರಿಸುವುದಾದರೆ ಆ ರಾಗದ ಹಕ್ಕು ಬೇರೆ. ಪದ ಷರೀಫರದಿರಲಿ, ರಾಗ ನಿಮ್ಮದಿರಲಿ, ಆಗ ಯಾವ ತೊಡಕೂ ಇಲ್ಲ.

ಧ್ವನಿಪೆಟ್ಟಿಗೆ, ಬೆಂಗಳೂರು

ವಕೀಲರ ಮಾತಿಗೆ ನನ್ನದೊಂದು ಸೇರ್ಪಡೆ. ಆನ್‌ಲೈನಿನಲ್ಲಿ ಹಾಡು ಹಾಕಿದರೆ ಹಣ ಬರುತ್ತದೆ ಎಂಬ ಲೆಕ್ಕದ ಮೇಲೆ ರಜೆ ಹಾಕಬೇಡಿ. ಹೆಚ್ಚಿನ ಸ್ಟ್ರೀಮಿಂಗ್ ಸಂಸ್ಥೆಗಳಲ್ಲಿ ಪ್ರತಿ ಕೇಳುವಿಕೆಗೆ ಇಷ್ಟು ಪೈಸೆ ಎಂಬ ನಿಗದಿ ಇಲ್ಲ. ಬಂದ ಹಣವನ್ನೆಲ್ಲ ಒಂದು ಕಡೆ ಸೇರಿಸಿ, ಒಟ್ಟು ಕೇಳುವಿಕೆಯಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟನ್ನು ಹಂಚುತ್ತಾರೆ. ಒಬ್ಬ ಕೇಳುಗ ತಿಂಗಳೆಲ್ಲ ನಿಮ್ಮೊಬ್ಬರನ್ನೇ ಕೇಳಿದರೂ ಅವನು ಕಟ್ಟಿದ ಹಣ ನೇರವಾಗಿ ನಿಮಗೆ ಬರುವುದಿಲ್ಲ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಬಾರಿಯಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಪಾಲನ್ನು ಕೊಡುವುದೇ ಇಲ್ಲ. ಕನ್ನಡದ ಸ್ವತಂತ್ರ ಹಾಡುಗಳಿಗೆ ಇದು ಭಾರಿ ಪೆಟ್ಟು, ನನಗೆ ಇದು ಅನ್ಯಾಯವೆಂದೇ ಅನ್ನಿಸುತ್ತದೆ.

ಆದರೂ ಹಾಕಲೇಬೇಕು, ಯಾಕೆಂದರೆ ಜನ ಹುಡುಕುವುದು ಅಲ್ಲೇ. ಹಾಕುವಾಗ ಸಾಹಿತ್ಯ, ಸಂಗೀತ, ಗಾಯನ, ತಬಲಾ, ಮಿಕ್ಸಿಂಗ್ ಎಲ್ಲರ ಹೆಸರನ್ನೂ ಸರಿಯಾಗಿ ತುಂಬಿ. ಭಾಷೆ ಎಂಬ ಜಾಗದಲ್ಲಿ ಕನ್ನಡ ಎಂದೇ ಆರಿಸಿ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಗುರುತು ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಇನ್ನು ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಕೇಳುಗರು ಆಲ್ಬಮನ್ನೇ ಕೊಳ್ಳಬಹುದು, ಡಿಜಿಟಲ್ ಮಾರಾಟದಲ್ಲಿ ಶೇ. 15ರಷ್ಟನ್ನು ಅವರು ಇಟ್ಟುಕೊಳ್ಳುತ್ತಾರೆ, ಉಳಿದದ್ದರಲ್ಲಿ ಪಾವತಿ ಶುಲ್ಕ ಕಳೆದು ನಿಮಗೆ. ಹೊರದೇಶದ ಕನ್ನಡಿಗರು ಅಲ್ಲಿ ಕೊಂಡರೆ ಒಂದು ದಿನದ ಸ್ಟುಡಿಯೊ ಬಾಡಿಗೆ ಹುಟ್ಟುತ್ತದೆ.

ಶಾಲ್ಮಲೆ, ಧಾರವಾಡ

ಲೆಕ್ಕಪತ್ರದ ಮಾತೆಲ್ಲ ಬೇಕು, ಒಪ್ಪಿದೆ. ಆದರೆ ಹಾಡಿನ ಒಳಗಿನ ಮಾತನ್ನು ಯಾರೂ ಎತ್ತಲಿಲ್ಲ. ಹೊಸಬರ ಹಾಡು ಕೇಳುವಾಗ ನನಗೆ ಒಂದು ನೋವು ಇದ್ದೇ ಇರುತ್ತದೆ. ರಾಗ ಮೊದಲು ಮಾಡಿಕೊಂಡು, ಅದೂ ಇಂಗ್ಲಿಷ್ ಹಾಡಿನ ನಡೆಯಲ್ಲಿ, ಆಮೇಲೆ ಕನ್ನಡದ ಮಾತನ್ನು ಅದರೊಳಗೆ ತುರುಕುತ್ತಾರೆ. ಹ್ರಸ್ವವನ್ನು ಎಳೆದು ದೀರ್ಘ ಮಾಡುತ್ತಾರೆ, ಹಟ್ಟಿಯಲ್ಲಿದ್ದ ಕರು ಕಾರಾಗಿ ರಸ್ತೆಗೆ ಬರುತ್ತದೆ. ಒತ್ತಕ್ಷರ ಇರುವ ಕಡೆ ತಾಳ ತಪ್ಪುತ್ತದೆ.

ನಮ್ಮ ಭಾಷೆಯ ನಡೆಗಳು ಎಷ್ಟೊಂದು ಇವೆ! ಭಾಮಿನಿ ಷಟ್ಪದಿಯ ಮೂರು–ನಾಲ್ಕು ಮಾತ್ರೆಗಳ ನಡೆಯನ್ನು ಗಿಟಾರಿನಲ್ಲಿ ನುಡಿಸಿ ನೋಡಿ, ಏಳರ ತಾಳ ತಾನಾಗಿ ಸಿಗುತ್ತದೆ. ಲಲಿತ ರಗಳೆಯ ಐದರ ನಡೆ, ಉತ್ಸಾಹ ರಗಳೆಯ ಮೂರರ ನಡೆ ಇವೆ. ಸಾಲಿನ ಕೊನೆಯಲ್ಲಿ ಮಾತ್ರ ಪ್ರಾಸ ಹುಡುಕುವ ಬದಲು ಎರಡನೆಯ ಅಕ್ಷರದಲ್ಲಿ ಹಿಡಿದರೆ ಹಾಡು ಹೊರಡುವಾಗಲೇ ಕಿವಿ ನಿಮಿರುತ್ತದೆ. ಸ್ವಂತ ಹಾಡು ಎಂದು ಹೇಳಿಕೊಳ್ಳುವವರು ಸ್ವಂತ ಭಾಷೆಯ ಲಯವನ್ನು ಕಲಿಯದಿದ್ದರೆ ಹೇಗೆ?

ಹಾರುಬೂದಿ, ರಾಯಚೂರು

ಸರ್, ಗೌರವದಿಂದಲೇ ಹೇಳುತ್ತೇನೆ, ಈ ಮಾತು ನನಗೆ ನೋವು ಕೊಟ್ಟಿತು. ನಾನು ಷಟ್ಪದಿ ಓದಿ ಹಾಡು ಬರೆಯಲು ಕುಳಿತವನಲ್ಲ. ನಮ್ಮೂರು ಶಕ್ತಿನಗರದ ಹತ್ತಿರ. ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ಶಾಖೋತ್ಪನ್ನ ಸ್ಥಾವರ ಅಲ್ಲಿದೆ, 1720 ಮೆಗಾವಾಟಿನದ್ದು. ಬಟ್ಟೆ ಒಣಹಾಕಿದರೆ ಬೂದಿ ಕೂರುತ್ತದೆ. ನಾನು ಚಿಕ್ಕಂದಿನಿಂದ ಕೇಳಿದ ಕನ್ನಡ ಹಾಡುಗಳಲ್ಲಿ ಮಲೆನಾಡಿನ ಮಳೆ ಇತ್ತು, ಹಸಿರಿತ್ತು, ತೊರೆ ಇತ್ತು. ಆ ಹಾಡುಗಳು ನನಗೂ ಇಷ್ಟ. ಆದರೆ ಬೂದಿ ಯಾವ ಹಾಡಿನಲ್ಲೂ ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ನಿಂತ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟ ನನ್ನ ಚಿಕ್ಕಪ್ಪ ಯಾವ ಹಾಡಿನಲ್ಲೂ ಇರಲಿಲ್ಲ. ಅವರು ಹಾಡಿನಲ್ಲಿ ಇರಬೇಕು ಅನ್ನಿಸಿತು, ಅದಕ್ಕೇ ಬರೆದೆ. ಹಾಡುಗಬ್ಬ ಅಕ್ಕ ಕೇಳಿದ "ಯಾಕೆ"ಗೆ ನನ್ನ ಉತ್ತರ ಇಷ್ಟೇ.

ಮೊಬೈಲಿನಲ್ಲಿ ಬೀಟ್ ಮಾಡಿಕೊಳ್ಳುತ್ತೇನೆ, ರಾತ್ರಿ ಹಾಸಿಗೆ–ಕಂಬಳಿಗಳ ನಡುವೆ ಮೈಕ್ ಇಟ್ಟು ದನಿ ಮುದ್ರಿಸುತ್ತೇನೆ, ಹೊರಗಿನ ಸದ್ದು ಬರದಿರಲಿ ಎಂದು. ನಮ್ಮ ಮಾತಿನಲ್ಲಿ ಉರ್ದು ಇದೆ, ತೆಲುಗು ಇದೆ. ಅದನ್ನು ತೆಗೆದು ಶುದ್ಧ ಮಾಡಿದರೆ ಚಿಕ್ಕಪ್ಪ ಹಾಡಿನಿಂದ ಇಳಿದು ಹೋಗಿಬಿಡುತ್ತಾನೆ. ಮೊದಲ ಹಾಡು ಹಾಕಿದಾಗ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುವವರೊಬ್ಬರು ಫೋನ್ ಮಾಡಿ ಏನೂ ಮಾತನಾಡದೆ ಹಾಡಿನ ನಾಲ್ಕು ಸಾಲನ್ನು ಒಪ್ಪಿಸಿದರು. ಅವರಿಗೆ ಮಾತ್ರೆ ಲೆಕ್ಕ ಬೇಕಾಗಿರಲಿಲ್ಲ.

ಶಾಲ್ಮಲೆ, ಧಾರವಾಡ

ಹಾರುಬೂದಿ, ತಮ್ಮಾ, ನೀನು ಹೇಳಿದ್ದನ್ನು ಎರಡು ಸಲ ಓದಿದೆ. ನಾನು ಹೇಳಿದ್ದು ಶುದ್ಧಿಯ ಮಾತಲ್ಲ, ಲಯದ ಮಾತು. ಆ ಕಾರ್ಮಿಕ ನಾಲ್ಕು ಸಾಲನ್ನು ಕಾಗದವಿಲ್ಲದೆ ಒಪ್ಪಿಸಿದರೆಂದರೆ ನಿನ್ನ ಸಾಲುಗಳಲ್ಲಿ ಲಯ ಕೂತಿದೆ ಎಂದೇ ಅರ್ಥ. ಅದಿಲ್ಲದ ಸಾಲು ಯಾರ ನಾಲಗೆಯ ಮೇಲೂ ನಿಲ್ಲುವುದಿಲ್ಲ. ಷರೀಫರ ಪದಗಳಲ್ಲೂ ಅವರ ಸೀಮೆಯ ಮಾತೇ ಇದೆ, ಉರ್ದು ಶಬ್ದಗಳೂ ಇವೆ. ನಿನ್ನ ಹಾಡಿನ ಸಾಹಿತ್ಯವನ್ನು ಇಲ್ಲಿ ಹಾಕು, ನಾನು ಓದಬೇಕು. ತಿದ್ದುವುದಕ್ಕಲ್ಲ.

ಪಕ್ಕವಾದ್ಯ, ಮೈಸೂರು

ನನಗೂ ಬೇಕು. ಅದಕ್ಕೆ ಬೇಸ್ ನುಡಿಸಿ ಕಳಿಸುತ್ತೇನೆ ಎಂದರೆ ಬೇಡವೆನ್ನಬೇಡ. ಗಿಟಾರ್ ಪೆಟ್ಟಿಗೆಯಿಂದ ಹೊರಗೆ ಬಂದು ಬಹಳ ದಿನವಾಯಿತು.

ಹ್ಯೂರಾನ್ ತೀರ, ಆನ್ ಆರ್ಬರ್

ಪಕ್ಕವಾದ್ಯ ಅವರೇ, ಕೇಳುಗರು ಸಿಗದಿದ್ದುದು ಆಕೆಯ ನಷ್ಟ ಎಂದಿರಲ್ಲ, ಆ ಮಾತು ನ್ಯಾಯವಾದದ್ದು. ಆದರೆ ಕಾನೀ ಮನೆಯವರಿಗಾಗಿ ತಾನೇ ಹಾಡಿ ಮುದ್ರಿಸಿದ ಟೇಪುಗಳನ್ನೂ ಅಷ್ಟೇ ಶ್ರದ್ಧೆಯಿಂದ ಮಾಡಿದ್ದಳು. ಅವಳಿಗೆ ಕೇಳುವ ಒಬ್ಬರಾದರೂ ಸಾಕಿತ್ತೋ ಏನೋ. ಇಲ್ಲಿನ ನಮ್ಮ ಕನ್ನಡ ಕೂಟಗಳಿಗೆ ಪ್ರತಿ ವರ್ಷ ದೊಡ್ಡ ಗಾಯಕರನ್ನು ಕರೆಸುತ್ತೇವೆ. ಸ್ವಂತ ಹಾಡು ಹಾಡುವ ಒಬ್ಬರನ್ನು ಕರೆಸಿ ಯಾರದಾದರೂ ಮನೆಯ ಹಾಲ್‌ನಲ್ಲಿ ಕೂರಿಸಿಕೊಂಡು ಕೇಳುವ ಕ್ರಮವನ್ನು ನಾವು ಆರಂಭಿಸಬೇಕು. ಈ ಮಾತನ್ನು ಮುಂದಿನ ಸಭೆಯಲ್ಲಿ ಎತ್ತುತ್ತೇನೆ.

ಹಾಡುಗಬ್ಬ, ಶಿವಮೊಗ್ಗ

ನೀವೆಲ್ಲ ಕೊಟ್ಟ ಸಮಯಕ್ಕೆ ಬಹಳ ಕೃತಜ್ಞಳಾಗಿದ್ದೇನೆ. ಪೂರ್ತಿ ಒಂದು ವರ್ಷದ ರಜೆಯ ಯೋಚನೆ ಬಿಟ್ಟಿದ್ದೇನೆ. ಕೆಲಸ ಇರಲಿ, ಸಂಬಳದಿಂದ ಸ್ಟುಡಿಯೊ ಖರ್ಚು ಹೋಗಲಿ, ಧ್ವನಿಮುದ್ರಣ ನನ್ನದಾಗಿಯೇ ಇರಲಿ. ಹಳೆಯ ಕವಿತೆಗಳಲ್ಲಿ ಒಂದಕ್ಕೆ ಅನುಮತಿ ಕೇಳಿ ಕವಿಯ ಮನೆಯವರಿಗೆ ಪತ್ರ ಬರೆದಿದ್ದೇನೆ, ಇನ್ನೊಂದನ್ನು ಕೈಬಿಟ್ಟು ಆ ರಾಗಕ್ಕೆ ನನ್ನದೇ ಸಾಹಿತ್ಯ ಬರೆಯುತ್ತಿದ್ದೇನೆ. ಗಣಿತದವಳಾದ್ದರಿಂದ ಮೇಷ್ಟ್ರ ಮಾತ್ರೆ ಲೆಕ್ಕ ನನಗೆ ಖುಷಿ ಕೊಟ್ಟಿತು. ನರ್ಸ್ ಹಾಡಿನ ಪಲ್ಲವಿಯನ್ನು ಏಳರ ನಡೆಗೆ ತಂದು ನೋಡಿದೆ, ಬಸ್ಸಿನ ಓಲಾಟ ಅದರಲ್ಲೇ ಸಿಕ್ಕಿತು. ಹಾರುಬೂದಿ ತಮ್ಮನ ಮಾತು ಓದಿದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಆ ಹಾಡು ಯಾರನ್ನು ನೋಡಿ ಹುಟ್ಟಿತೋ ಆ ನರ್ಸ್‌ಗೆ ಅದನ್ನು ಕೇಳಿಸಿದೆ. ಪಾಳಿ ಬದಲಾಗುವ ಸಮಯವನ್ನು ನಾನು ತಪ್ಪಾಗಿ ಬರೆದಿದ್ದೇನೆಂದು ಹೇಳಿ ಸರಿಪಡಿಸಿದರು, ಆಮೇಲೆ ಇನ್ನೊಮ್ಮೆ ಹಾಡಿಸಿದರು.

ಒಂದು ಪ್ರಶ್ನೆ ಉಳಿದಿದೆ. ಶಿವಮೊಗ್ಗದಲ್ಲಿ ನಲವತ್ತು–ಐವತ್ತು ಜನರ ಮುಂದೆ, ಊಟ–ಮಾತುಕತೆಗಳ ಗದ್ದಲವಿಲ್ಲದೆ ಹಾಡಬೇಕೆಂದಿದ್ದೇನೆ. ಮೈಕ್ ಬೇಕೆ, ಬೇಡವೆ?

ಧ್ವನಿಪೆಟ್ಟಿಗೆ, ಬೆಂಗಳೂರು

ಅಷ್ಟು ಜನಕ್ಕೆ, ಮರದ ಬಾಗಿಲು–ಕಿಟಕಿಗಳಿರುವ ಹಳೆಯ ಮನೆಯ ಪಡಸಾಲೆಯಾದರೆ ಮೈಕ್ ಬೇಡ. ಟೈಲ್ಸ್ ಹಾಕಿದ ಹೊಸ ಹಾಲ್ ಆದರೆ ದನಿ ಗೋಡೆಗೆ ಬಡಿದು ಮಾತು ಕಲಸಿಹೋಗುತ್ತದೆ, ನೆಲಕ್ಕೆ ಜಮಖಾನ ಹಾಸಿ, ಹಿಂದಿನ ಗೋಡೆಗೆ ದಪ್ಪ ಪರದೆ ಕಟ್ಟಿ, ಜನರನ್ನು ಕುರ್ಚಿಯ ಬದಲು ಕೆಳಗೆ ಹತ್ತಿರ ಕೂರಿಸಿ. ಗಿಟಾರನ್ನು ಬೆರಳಿನಲ್ಲಿ ಮೀಟಿ, ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಹಿಡಿದರೆ ಅದು ನಿಮ್ಮ ದನಿಯನ್ನು ನುಂಗುತ್ತದೆ. ಫ್ಯಾನ್ ನಿಲ್ಲಿಸಬೇಕಾಗುತ್ತದೆ, ಅದಕ್ಕೇ ಮಾರ್ಚ್, ಏಪ್ರಿಲ್ ಬೇಡ. ದಿನಾಂಕ ಗೊತ್ತಾದ ಕೂಡಲೇ ತಿಳಿಸಿ, ರಾತ್ರಿ ರೈಲಿನಲ್ಲಿ ಬರುತ್ತೇನೆ. ಒಂದು ಜೊತೆ ಒಳ್ಳೆಯ ಮೈಕ್ ತರುತ್ತೇನೆ, ಜನರಿಗೆ ಕೇಳಿಸಲು ಅಲ್ಲ, ಮುದ್ರಿಸಿಕೊಳ್ಳಲು. ಬಾಡಿಗೆಯ ಮಾತು ಎತ್ತಬೇಡಿ, ಮುದ್ರಣದ ಹಕ್ಕು ನಿಮ್ಮದೇ ಎಂದು ಹಾಳೆಯಲ್ಲಿ ಬರೆದು ನಾನೇ ಸಹಿ ಮಾಡಿ ತರುತ್ತೇನೆ.